ಉಪವಾಸದ ತಿಂಗಳ ಫೈನಲ್

ಗೆದ್ದ ಟ್ರೋಫಿಗಳ ಬಗ್ಗೆ ತಿಳಿಯಬೇಕಾದವರು ಕಾಲೇಜಿನ ಗಾಜಿನ ಕಪಾಟು ನೋಡಲಿ. ಅವನ್ನು ಒರೆಸಿಡಲು ಅಲ್ಲಿ ಜನ ಇದ್ದಾರೆ. ನಾನು ಬರೆಯಹೊರಟಿರುವುದು ಬೇರೆ. ಬಹರೈನಿನ ಒಂದು ಖಾಸಗಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕನಾಗಿ, ಬಾಸ್ಕೆಟ್‌ಬಾಲ್ ಕೋಚ್ ಆಗಿ ತಲೆ ಬೆಳ್ಳಗೆ ಮಾಡಿಕೊಂಡವನು ನಾನು. ಈಗ ನಿವೃತ್ತ. ಮಗಳು ಡಿಪ್ಲೊಮ್ಯಾಟಿಕ್ ಏರಿಯಾದ ಬ್ಯಾಂಕಿನಲ್ಲಿ ಕೆಲಸ ಮಾಡುವುದರಿಂದ ನಾನೂ ಹೆಂಡತಿ ಸುಮತಿಯೂ ಇನ್ನೂ ಮನಾಮಾದಲ್ಲೇ ಇದ್ದೇವೆ. ನನ್ನ ಜಾಗಕ್ಕೆ ಬಂದ ಮೂಡಬಿದ್ರೆ ಕಡೆಯ ಯುವಕ ಮೊನ್ನೆ ಮನೆಗೆ ಬಂದು, "ಸರ್, ಏನಾದ್ರೂ ಟಿಪ್ಸ್ ಕೊಡಿ" ಎಂದ. "ಹೆದರು ಮಾರಾಯ" ಎಂದೆ. ತಮಾಷೆ ಅಂದುಕೊಂಡು ನಕ್ಕ. ಹಾಗಾಗಿ ಬರೆದೇ ಹೇಳಬೇಕಾಯಿತು.

ನಿಜವಾಗಿ ನೋಡಿದರೆ ಈ ಕೆಲಸದಲ್ಲಿ ನಾವು ಬೇರೆಯವರ ಮಕ್ಕಳನ್ನು ಓಡಿಸಿ ಸಂಬಳ ತೆಗೆದುಕೊಳ್ಳುತ್ತೇವೆ. ಆ ಮಕ್ಕಳು ಬೆಳಿಗ್ಗೆ ಮನೆಯಿಂದ ಹೇಗೆ ಹೊರಟವೋ ಸಂಜೆ ಹಾಗೆಯೇ ಮನೆ ಸೇರಬೇಕು. ಮಿಕ್ಕಿದ್ದೆಲ್ಲ ಆಮೇಲಿನ ಮಾತು. ನನಗೆ ಒಂದೊಂದು ಪಂದ್ಯದ ಹಿಂದಿನ ರಾತ್ರಿಯೂ ನಿದ್ದೆ ಬರುತ್ತಿರಲಿಲ್ಲ. ಸೋಲಿಗೆ ಹೆದರಿ ಅಲ್ಲ. ಯಾರ ಮೊಣಕಾಲು ಹೋದೀತು, ಯಾರು ನೆಲಕ್ಕೆ ತಲೆ ಕುಟ್ಟಿಕೊಂಡಾರು ಎಂದು. ಸುಮತಿ ಗೇಲಿ ಮಾಡುತ್ತಿದ್ದಳು: "ಕಾಲೇಜಿನವರು ನಿಮಗೆ ಸಂಬಳ ಕೊಡುದು ಹೆದರ್ಲಿಕ್ಕಾ, ಆಡಿಸ್ಲಿಕ್ಕಾ?"

ನಾನು ಆಟ ಕಲಿತದ್ದು ಕಾಪುವಿನ ಹತ್ತಿರದ ಮಣ್ಣಿನ ಅಂಕಣದಲ್ಲಿ. ನಮ್ಮ ಮಾಸ್ಟ್ರು ಅಭ್ಯಾಸದ ನಡುವೆ ನೀರು ಮುಟ್ಟಲು ಬಿಡುತ್ತಿರಲಿಲ್ಲ. ನೀರು ಕುಡಿದರೆ ಹೊಟ್ಟೆ ಭಾರವಾಗುತ್ತದೆ, ಓಟ ನಿಧಾನವಾಗುತ್ತದೆ ಎಂದು ಅವರ ಲೆಕ್ಕ. ಬಾವಿಕಟ್ಟೆಯ ಮೇಲೆ ಕೊಡಪಾನ ಕಾಣುತ್ತಿತ್ತು, ನಾವು ಬಾಯಿ ಒಣಗಿಸಿಕೊಂಡು ಓಡುತ್ತಿದ್ದೆವು. ಅದೇ ಪಾಠವನ್ನು ಕಟ್ಟಿಕೊಂಡು ನಾನು ಈ ದೇಶಕ್ಕೆ ಬಂದೆ. ಇಲ್ಲಿಯ ಜೂನ್ ತಿಂಗಳಲ್ಲಿ ಒಂದು ದಿನ ಹೊರಗಡೆ ಅಭ್ಯಾಸ ಮಾಡಿಸಿದ್ದೇ ತಡ, ಆ ಪಾಠ ಮರೆತುಹೋಯಿತು. ಈಗಂತೂ ಹುಡುಗರ ಕೈಯಲ್ಲಿ ವಾಚ್, ಕೋಚ್ ಕೈಯಲ್ಲಿ ಫೋನ್, ಎದೆಬಡಿತ ಅಂಕಿಯಾಗಿ ಬಂದು ಕೂರುತ್ತದೆ. ಒಳ್ಳೆಯದೇ. ಆದರೆ ವಾಚ್ ಯಾರ ಮುಖವನ್ನೂ ನೋಡುವುದಿಲ್ಲ. ಮುಖ ನೋಡುವ ಕೆಲಸ ಇನ್ನೂ ನಮ್ಮದೇ.

ಅದನ್ನು ನನಗೆ ಮೊದಲು ಕಲಿಸಿದವನು ನನ್ನ ಮೊದಲ ವರ್ಷದ ಕ್ಯಾಪ್ಟನ್. ಪಕ್ಕದ ಮಸೀದಿಯಲ್ಲಿ ಬಾಂಗ್ ಆಗುತ್ತಿದ್ದರೂ ಹೊಸಬನಾದ ನಾನು ಸೀಟಿ ಊದುತ್ತಲೇ ಇದ್ದೆ. ಅವನು ಚೆಂಡನ್ನು ನಿಧಾನಕ್ಕೆ ನೆಲದ ಮೇಲಿಟ್ಟು ಅದರ ಮೇಲೆ ಕುಳಿತುಬಿಟ್ಟ. ಉಳಿದವರೂ ಕುಳಿತರು. ಕೂಗು ಮುಗಿಯುವವರೆಗೆ ಅಂಕಣದ ನಡುವೆ ನಾನೊಬ್ಬನೇ ಸೀಟಿ ಕಚ್ಚಿಕೊಂಡು ನಿಂತಿದ್ದೆ. ಆಮೇಲೆ ಎದ್ದು, "ಶುರು ಮಾಡೋಣ ಕೋಚ್" ಎಂದು ನಕ್ಕ. ನನ್ನ ಕಿವಿ ಬಿಸಿಯಾಯಿತು. ಇಲ್ಲಿಯ ಹುಡುಗರು ದೊಡ್ಡವರ ತಪ್ಪನ್ನು ಎದುರಿಗೆ ಹೇಳುವುದಿಲ್ಲ, ಮುಖ ನೋಡಿಯೇ ತಿಳಿಯಬೇಕು, ಒಬ್ಬರ ಮಾನ ಇನ್ನೊಬ್ಬರು ಮುಚ್ಚುತ್ತಾರೆ ಎಂಬುದು ಅವತ್ತು ಗೊತ್ತಾಯಿತು. ಎಂಥ ಒಳ್ಳೆಯ ಗುಣ ಅಂದುಕೊಂಡೆ. ಆ ಗುಣಕ್ಕೂ ಹೆದರಬೇಕು ಎಂದು ತಿಳಿದದ್ದು ನಿವೃತ್ತಿಗೆ ಒಂದು ವರ್ಷ ಇರುವಾಗ.

ಆ ವರ್ಷದ ತಂಡ ನನ್ನ ಕೈಗೆ ಸಿಕ್ಕ ತಂಡಗಳಲ್ಲೇ ಚೆನ್ನಾಗಿತ್ತು. ಕ್ಯಾಪ್ಟನ್ ಯೂಸುಫ್, ಬಹರೈನಿ ಹುಡುಗ. ಮಾತು ಕಡಿಮೆ, ಕಣ್ಣು ಚುರುಕು. ಬುಟ್ಟಿಯ ಕೆಳಗೆ ಆಡುವವನು ರೋಶನ್. ಅವನ ಅಮ್ಮ ಐರಿನ್ ಬಾಯಿ ಶಿರ್ವದ ಕಡೆಯ ಕ್ರೈಸ್ತರು, ಇಲ್ಲಿ ಒಂದು ಹೋಟೆಲಿನ ಕಚೇರಿಯಲ್ಲಿ ಕೆಲಸ. ಗಂಡ ತೀರಿಕೊಂಡ ಮೇಲೆ ಒಬ್ಬರೇ ಮಗನನ್ನು ಸಾಕಿದವರು. ರೋಶನ್ ಹುಟ್ಟಿ ಬೆಳೆದದ್ದು ಇಲ್ಲೇ. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಮೇಲಕ್ಕೆ ಬಂದ ಚೆಂಡು ಇವನ ಕೈಯನ್ನೇ ಹುಡುಕಿಕೊಂಡು ಬರುತ್ತಿತ್ತು. ಯೂಸುಫ್ ನೋಡದೆಯೇ ಚೆಂಡು ಎಸೆದರೂ ರೋಶನ್ ಅಲ್ಲಿ ಇರುತ್ತಿದ್ದ. ಇವರಿಬ್ಬರಿಂದಲೇ ನಾವು ಸೀಸನ್ನಿನಲ್ಲಿ ಒಂದೊಂದೇ ಕಾಲೇಜನ್ನು ದಾಟಿ ಫೈನಲ್‌ಗೆ ಬಂದೆವು. ಫೈನಲ್ ಬಂದು ಕುಳಿತದ್ದು ರಂಜಾನ್ ತಿಂಗಳ ನಡುವಿಗೆ.

ನಮ್ಮ ತಂಡದಲ್ಲಿ ಒಂದು ಪದ್ಧತಿ ಇತ್ತು. ಹಿಂದೊಮ್ಮೆ ಒಬ್ಬ ಮಲಯಾಳಿ ಹುಡುಗ ತನ್ನ ಗೆಳೆಯರ ಜೊತೆ ತಾನೂ ಉಪವಾಸ ಹಿಡಿದು ಆಡಿದ್ದ, ಆ ದಿನ ತಂಡ ಗೆದ್ದಿತ್ತು. ಅಲ್ಲಿಂದ ಮುಂದೆ ರಂಜಾನ್ ತಿಂಗಳಲ್ಲಿ ಪಂದ್ಯ, ಅಭ್ಯಾಸ ಇದ್ದ ದಿನ ಯಾವ ಜಾತಿಯವನೇ ಆಗಲಿ, ತಂಡದವರೆಲ್ಲ ಉಪವಾಸ ಇರುವುದು ಎಂದಾಯಿತು. ಯಾರೂ ಹೇರಿದ್ದಲ್ಲ, ಯಾರೂ ಬೇಡ ಅಂದದ್ದೂ ಅಲ್ಲ. ಸಲ್ಮಾಬಾದಿನ ಗೋದಾಮುಗಳ ನಡುವಿನ ಒಂದು ಬಾಡಿಗೆ ಹಾಲ್‌ನಲ್ಲಿ ಸಂಜೆ ಹಗುರ ಅಭ್ಯಾಸ. ಸೂರ್ಯ ಮುಳುಗುತ್ತಲೇ ನೆಲದ ಮೇಲೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಸುತ್ತ ಎಲ್ಲರೂ ಕೂತು ಖರ್ಜೂರ, ನೀರು, ಮಜ್ಜಿಗೆ. ಯೂಸುಫ್ ಮೊದಲ ಖರ್ಜೂರವನ್ನು ರೋಶನ್‌ಗೆ ಕೊಟ್ಟು ಆಮೇಲೆ ತಾನು ತಿನ್ನುತ್ತಿದ್ದ. ನೋಡಿದರೆ ಕಣ್ಣು ತುಂಬುತ್ತಿತ್ತು. ಕಾಲೇಜಿನವರು ಅದರ ಫೋಟೊ ಹಾಕಿ ಮೆಚ್ಚುಗೆ ಗಳಿಸಿದರು.

ಫೈನಲ್‌ಗೆ ಎರಡು ದಿನ ಇರುವಾಗ ಅದೇ ಹಾಲ್‌ನಲ್ಲಿ ರೋಶನ್ ಬಿದ್ದ.

ಬಿದ್ದದ್ದು ಹೇಗೆ ಎಂಬುದನ್ನು ಹೊಸಬರು ಸರಿಯಾಗಿ ಕೇಳಬೇಕು. ಅವನು ಚೆಂಡಿನ ಹಿಂದೆ ಓಡುತ್ತಿದ್ದ. ಎಡವಲಿಲ್ಲ, ತೂರಾಡಲಿಲ್ಲ, ತಲೆ ಹಿಡಿದುಕೊಳ್ಳಲಿಲ್ಲ. ಓಡುತ್ತಿದ್ದವನು ಹಾಗೆಯೇ ಮುಖ ಕೆಳಗಾಗಿ ಬಿದ್ದ. ಕೈಯನ್ನೂ ಮುಂದೆ ಚಾಚಲಿಲ್ಲ. ಗದ್ದ ನೆಲಕ್ಕೆ ಬಡಿದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ನಾನು ಓಡಿ ಹೋಗಿ ಮಗ್ಗುಲಿಗೆ ತಿರುಗಿಸುವಷ್ಟರಲ್ಲಿ ಕಣ್ಣು ಬಿಟ್ಟ. ಯೂಸುಫ್ ಅವನ ಮುಖಕ್ಕೆ ನೀರು ಚಿಮುಕಿಸಿದ. ರೋಶನ್ ಎದ್ದು ಕೂತು ಎಲ್ಲರನ್ನೂ ನೋಡಿ ಹಲ್ಲು ಕಿರಿದು, "ರೋಜಾ ಕೋಚ್, ರೋಜಾ" ಎಂದ. ಉಪವಾಸದ ಸುಸ್ತು, ಅಷ್ಟೇ ಎಂದು ಅರ್ಥ. ಹುಡುಗರು ಉಸಿರು ಬಿಟ್ಟರು. ಒಬ್ಬ ಅವನ ಬೆನ್ನು ತಟ್ಟಿ "ಹೀರೋ" ಎಂದ.

ನನಗೆ ಸಮಾಧಾನ ಆಗಲಿಲ್ಲ. ಪ್ರಥಮ ಚಿಕಿತ್ಸೆಯ ತರಬೇತಿಯಲ್ಲಿ ಒಬ್ಬ ಡಾಕ್ಟರ್ ಹೇಳಿದ್ದು ತಲೆಯಲ್ಲಿತ್ತು: ಓಡಿ ನಿಂತ ಮೇಲೆ ತಲೆ ಸುತ್ತಿದರೆ ಮಲಗಿಸಿ, ನೀರು ಕೊಡಿ, ಓಡುತ್ತಿರುವಾಗಲೇ ಬಿದ್ದರೆ ಹೃದಯ ತೋರಿಸಿ. ಆದರೆ ಉಪವಾಸದ ಹುಡುಗ, ಬೆಳಗಿನಿಂದ ಹನಿ ನೀರಿಲ್ಲ. ಅವನಿಗೆ ಆ ಮಾತು ಅನ್ವಯಿಸುತ್ತದೋ ಇಲ್ಲವೋ ಯಾರಿಗೆ ಗೊತ್ತು? ಯೂಸುಫ್‌ನನ್ನು ಪಕ್ಕಕ್ಕೆ ಕರೆದು, "ಇವನು ನಿಜವಾಗಿ ಉಪವಾಸ ಇದ್ದಾನಾ?" ಎಂದು ಕೇಳಿದೆ. ಅವನು ನನ್ನನ್ನೇ ಒಂದು ಕ್ಷಣ ನೋಡಿದ. "ಕೋಚ್, ಈ ತಿಂಗಳಲ್ಲಿ ಯಾರನ್ನಾದರೂ ಹಾಗೆ ಕೇಳ್ತಾರಾ?" ಎಂದ. ಮುಖಕ್ಕೆ ಹೊಡೆದ ಹಾಗಾಯಿತು. ಹೌದು, ಅದು ಕೇಳಬಾರದ ಪ್ರಶ್ನೆ.

ಮನೆಗೆ ಬಂದವನು ಊಟಕ್ಕೆ ಕೂರಲಿಲ್ಲ. ಸುಮತಿ, "ಅವನ ಅಮ್ಮನಿಗಾದ್ರೂ ಒಂದು ಮಾತು ಹೇಳಿ. ಫೈನಲ್ ದಿವಸ ಉಪವಾಸ ಬೇಡ ಅನ್ಲಿ" ಎಂದಳು. ಅದೇ ಸರಿ ಎನಿಸಿ ಐರಿನ್ ಬಾಯಿಗೆ ಫೋನ್ ಮಾಡಿದೆ.

"ಬಾಯಿ, ರೋಶನ್‌ನ ಉಪವಾಸ ಸ್ವಲ್ಪ ನಿಲ್ಲಿಸ್ಬೇಕಿತ್ತು."

"ಎಂತ ಉಪವಾಸ ಮಾಸ್ಟ್ರೆ?"

"ರಂಜಾನಿದ್ದು. ತಂಡದವರೆಲ್ಲ ಹಿಡೀತಾರಲ್ಲ."

ಅವರು ನಕ್ಕೇಬಿಟ್ಟರು. "ಅವನಾ? ನಮ್ಮ ತಪಸ್ಸು ಕಾಲದಲ್ಲಿ ಶುಕ್ರವಾರ ಒಂದು ದಿವಸ ಮಾಂಸ ಬಿಡು ಅಂದ್ರೆ ಮುಖ ಊದಿಸುವವ ಅವ. ನಂಗೆ ಇವತ್ತು ರಜೆ ಇತ್ತು. ಮಧ್ಯಾಹ್ನ ನನ್ನ ಎದುರೇ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಎರಡು ಸಲ ಬಡಿಸ್ಕೊಂಡು ತಿಂದು ಹೋದದ್ದು. ಒಂದು ಚೊಂಬು ನೀರೂ ಕುಡ್ದಿದ್ದಾನೆ. ಯಾಕೆ, ಎಂತಾಯ್ತು?"

ಹೊಟ್ಟೆ ತುಂಬ ಉಂಡವನು, ನೀರು ಕುಡಿದವನು, ಓಡುತ್ತ ಓಡುತ್ತ ಬಿದ್ದಿದ್ದಾನೆ. ಉಪವಾಸ ಎಂಬ ಒಂದು ನೆಪ ಇತ್ತು, ಅದೂ ಹೋಯಿತು. ಬಿದ್ದದ್ದನ್ನು ಹೇಳಿದೆ. ಗದ್ದದ ಗಾಯಕ್ಕೆ ಅವನು ಮನೆಯಲ್ಲಿ ಚೆಂಡು ತಾಗಿತು ಎಂದಿದ್ದನಂತೆ. ಐರಿನ್ ಬಾಯಿಯ ನಗು ಎಲ್ಲೋ ಹೋಯಿತು. "ದೇವಾ, ನನಗೆ ಇರುದೇ ಒಬ್ಬ ಮಾಸ್ಟ್ರೆ" ಎಂದರು. ನಾನು ಅವರಿಗೆ ಏನು ಹೇಳಿದೆನೋ ನೆನಪಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋಗೋಣ ಎಂದಿರಬೇಕು.

ಮರುದಿನ ಬೆಳಿಗ್ಗೆ ನಮ್ಮ ವಿದ್ಯಾರ್ಥಿ ವಿಭಾಗದ ಮುಖ್ಯಸ್ಥ ಶ್ರೀನಾಥರ ಕೋಣೆಗೆ ಹೋದೆ. ಬೆಂಗಳೂರಿನವರು, ಕೆಟ್ಟ ಮನುಷ್ಯ ಅಲ್ಲ, ಆದರೆ ಅವರಿಗೆ ಮೇಲಿನವರ ಭಯ. ಮೇಲಧಿಕಾರಿಗಳ ಬಗ್ಗೆ ನನಗೆ ಗೊತ್ತಿರುವುದು ಇಷ್ಟೇ: ಅವರ ಭಯವೂ ನಮ್ಮ ಭಯವೂ ಒಂದೇ ಕಡೆ ಮುಖ ಮಾಡಿದ್ದರೆ ಕೆಲಸ ಸಲೀಸು. ಅವತ್ತು ಹಾಗಿರಲಿಲ್ಲ.

"ಏನ್ ಸಾರ್ ನೀವು! ಒಂದ್ಸಲ ತಲೆ ಸುತ್ತಿದ್ರೆ ಹಾರ್ಟ್ ಅಂತೀರಲ್ಲ. ಫಾಸ್ಟಿಂಗ್ ಇರ್ತಾರೆ, ಕಾಮನ್ ಅಲ್ವಾ?"

"ಅವನು ಊಟ ಮಾಡಿದ್ದ ಸಾರ್."

"ಹಾಗಂತ ಯಾರಂದ್ರು? ಹುಡುಗನೇ ಫಾಸ್ಟಿಂಗ್ ಅಂತಿದಾನಂತೆ. ನೋಡಿ, ಛೇರ್ಮನ್ನು ಗೆಸ್ಟ್‌ಗಳನ್ನ ಇನ್ವೈಟ್ ಮಾಡಿದಾರೆ. ನಾಳೆ ಒಂದಿನ ಆಡ್ಲಿ. ಆಮೇಲೆ ಯಾವ್ ಟೆಸ್ಟ್ ಬೇಕೋ ನಾನೇ ಮಾಡಿಸ್ತೀನಿ."

"ನಾಳೆ ಬಿದ್ರೆ?"

"ನೆಗೆಟಿವ್ ಯಾಕ್ ಥಿಂಕ್ ಮಾಡ್ತೀರಾ?"

ನನಗೆ ರೇಗಿತು. "ಅದಕ್ಕೇ ಅಲ್ವಾ ಸಾರ್ ನನ್ನನ್ನು ಇಟ್ಟುಕೊಂಡದ್ದು? ಡಾಕ್ಟರ್ ಸರಿ ಅನ್ನದೆ ನಾನು ಅವನನ್ನು ಅಂಕಣಕ್ಕೆ ಇಳಿಸುವುದಿಲ್ಲ. ನೀವು ಇಳಿಸುವುದಾದರೆ ಬೆಂಚಿನ ಮೇಲೆ ನೀವೇ ಬಂದು ಕೂತುಕೊಳ್ಳಿ" ಎಂದು ಎದ್ದು ಬಂದೆ. ಮೆಟ್ಟಿಲು ಇಳಿಯುತ್ತ ಯೋಚಿಸಿದೆ: ಏನೂ ಇಲ್ಲ ಎಂದು ಪರೀಕ್ಷೆಯಲ್ಲಿ ಬಂದರೆ? ಸುಮ್ಮನೆ ಹುಡುಗನ ಫೈನಲ್ ಕಿತ್ತುಕೊಂಡ ಹೆದರುಪುಕ್ಕಲ ಮುದುಕ ಎಂದು ಎಲ್ಲರೂ ಅಂದಾರು. ಹುಡುಗನಿಗೆ ಏನೂ ಇಲ್ಲ ಎಂದಾಗುವುದಾದರೆ ನನಗೆ ಹಾಗೆ ಅನ್ನಿಸಿಕೊಳ್ಳುವ ಆಸೆಯೇ ಆಗಿಬಿಟ್ಟಿತು.

ರೋಶನ್ ಅಮ್ಮನ ಮಾತಿಗೆ ಜಗ್ಗಿರಲಿಲ್ಲ. ಆಸ್ಪತ್ರೆಗೆ ಬರುವುದೇ ಇಲ್ಲ ಎಂದು ಬಾಗಿಲು ಹಾಕಿಕೊಂಡು ಕೂತು, ಆಮೇಲೆ ಕಾಲೇಜಿಗೆ ಓಡಿಬಂದಿದ್ದ. ಪಾರ್ಕಿಂಗಿನಲ್ಲಿ ಸಿಕ್ಕಿದ. ನನ್ನ ಕಾರಿನಲ್ಲಿ ಕೂರಿಸಿಕೊಂಡೆ.

"ನಾನು ಫಾಸ್ಟಿಂಗ್ ಇದ್ದೆ ಸರ್. ಅದಕ್ಕೇ ಬಿದ್ದದ್ದು. ಪ್ರಾಮಿಸ್."

"ಬಂಗುಡೆ ಸಾರು ಉಂಡು ಎಂತ ಫಾಸ್ಟಿಂಗ್ ಮಾರಾಯ?"

ಮುಖ ಕೆಂಪಾಯಿತು. ಅಷ್ಟು ಎತ್ತರದ ಹುಡುಗ ಸೀಟಿನಲ್ಲಿ ಕುಗ್ಗಿ ಹೋದ. "ಸರ್, ಪ್ಲೀಸ್, ಯೂಸುಫ್‌ಗೆ ಹೇಳ್ಬೇಡಿ. ಮೊದಲ ದಿವಸ ಟ್ರೈ ಮಾಡಿದ್ದೆ, ಆಗ್ಲಿಲ್ಲ. ಹೇಳ್ಲಿಕ್ಕೆ ನಾಚಿಕೆ ಆಯ್ತು. ಅವ ದಿನಾ ಫಸ್ಟ್ ಡೇಟ್ಸ್ ನಂಗೆ ಕೊಡುದು ಸರ್. ನಾನು ತಿಂದು ಬಂದು ಅದನ್ನ ತಗೊಳ್ತಿದ್ದೆ ಅಂತ ಗೊತ್ತಾದ್ರೆ ಅವನ ಮುಖ ಹೇಗೆ ನೋಡ್ಲಿ?"

"ಮೊದಲು ಯಾವಾಗಾದರೂ ಹೀಗೆ ಬಿದ್ದಿದ್ದಿಯಾ?"

ಗದ್ದದ ಗಾಯ ಮುಟ್ಟಿಕೊಂಡ. "ಒಮ್ಮೆ. ಸ್ಟೆಪ್ಸ್ ಹತ್ತುವಾಗ. ಅದು ರಂಜಾನ್‌ಗಿಂತ ಮೊದ್ಲು."

ಈ ಹುಡುಗ ಸತ್ತರೂ ಸರಿ, ಗೆಳೆಯನ ಎದುರು ಸುಳ್ಳ ಅನ್ನಿಸಿಕೊಳ್ಳಲಾರ. ಪರೀಕ್ಷೆಗೆ ಹೋದರೆ ಯಾಕೆ ಎಂದು ಕೇಳುತ್ತಾರೆ, ಉಪವಾಸದಿಂದ ಅಲ್ಲ ಎಂದು ಹೊರಗೆ ಬರುತ್ತದೆ. ಅದಕ್ಕೇ ಹೋಗುವುದಿಲ್ಲ. ಬೈದೆ, ಬೇಡಿಕೊಂಡೆ. ಕಾರಿನ ಬಾಗಿಲು ತೆಗೆದು ಹೊರಟೇ ಹೋದ. ಅವನ ಮಾನ ಉಳಿಸುವುದೋ ಜೀವ ಉಳಿಸುವುದೋ ಎಂದು ಯೋಚಿಸುವ ಪುರುಸೊತ್ತು ನನಗಿರಲಿಲ್ಲ. ನೇರ ಯೂಸುಫ್ ಇದ್ದಲ್ಲಿಗೆ ಹೋದೆ.

ಲೈಬ್ರರಿಯ ಹೊರಗೆ ಇದ್ದ. ಅವನ ಜೊತೆ ನನ್ನ ಮಾತು ಯಾವಾಗಲೂ ಅರ್ಧ ಇಂಗ್ಲಿಷ್, ಅರ್ಧ ಹಿಂದಿ. "ಯೂಸುಫ್, ನಿನಗೆ ಬೇಸರ ಆಗಬಹುದು. ರೋಶನ್ ಉಪವಾಸ ಇರಲಿಲ್ಲ" ಎಂದೆ.

"ಗೊತ್ತು ಕೋಚ್."

"ಗೊತ್ತಾ?"

"ಮೊದಲ ವಾರದಿಂದ ಗೊತ್ತು. ಅವನ ಹತ್ತಿರ ನಿಂತರೆ ಮೀನಿನ ವಾಸನೆ." ನಸುನಕ್ಕ. "ನಮ್ಮ ಜೊತೆ ಇರಬೇಕು ಅಂತ ಅವನಿಗೆ ಆಸೆ. ಅಷ್ಟು ಸಾಕಲ್ಲ? ಅವನಿಗೆ ನಾಚಿಕೆ ಆಗಬಾರದು ಅಂತ ಸುಮ್ಮನಿದ್ದೆ. ನೀವು ಕೇಳಿದಾಗ ಸುಳ್ಳು ಹೇಳಲಿಲ್ಲ ಕೋಚ್. ನಿಜವನ್ನೂ ಹೇಳಲಿಲ್ಲ."

"ಉಪವಾಸ ಇಲ್ಲದವನು ಯಾಕೆ ಬಿದ್ದ ಯೂಸುಫ್?"

ಅವನ ನಗು ಹಾಗೆಯೇ ನಿಂತಿತು. ನಿಧಾನವಾಗಿ ಮುಖದ ಬಣ್ಣ ಇಳಿಯಿತು. ಡಾಕ್ಟರ್ ಹೇಳಿದ್ದನ್ನು ಹೇಳಿದೆ, ಮೆಟ್ಟಿಲಿನ ಮೇಲೆ ಬಿದ್ದದ್ದನ್ನೂ ಹೇಳಿದೆ. "ಯಾ ಅಲ್ಲಾಹ್" ಎಂದವನೇ ಪುಸ್ತಕಗಳನ್ನು ಅಲ್ಲೇ ಬಿಟ್ಟು ಓಡಿದ. ನಾನು ಏದುಸಿರು ಬಿಡುತ್ತ ಹಿಂದೆ ಹೋಗುವಷ್ಟರಲ್ಲಿ ಅವನು ಗೇಟಿನ ಬಳಿ ರೋಶನ್‌ನ ಅಂಗಿ ಹಿಡಿದು ನಿಂತಿದ್ದ. "ಮೀನು ತಿಂದದ್ದು ನನಗೆ ಗೊತ್ತಿತ್ತು ಕತ್ತೆ, ಇಡೀ ತಂಡಕ್ಕೆ ಗೊತ್ತಿತ್ತು! ಕಾರು ಹತ್ತು!" ಎಂದು ಕೂಗುತ್ತಿದ್ದ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ರೋಶನ್ ಬಾಯಿ ತೆರೆದುಕೊಂಡು ನಿಂತ. ಆಮೇಲೆ ಮಗುವಿನ ಹಾಗೆ ಹೋಗಿ ಕಾರಿನಲ್ಲಿ ಕೂತ.

ಆಸ್ಪತ್ರೆಯ ಕಾರಿಡಾರಿನಲ್ಲಿ ನಾವು ಮೂವರು ಕೂತೆವು: ಐರಿನ್ ಬಾಯಿ ಜಪಸರ ಹಿಡಿದು, ಯೂಸುಫ್ ತಲೆ ತಗ್ಗಿಸಿ, ನಾನು ಎದ್ದು ಕೂತು ಎದ್ದು ಕೂತು. ಇಸಿಜಿ ಆಯಿತು, ಎಕೋ ಆಯಿತು, ಎಕೋ ಇನ್ನೊಮ್ಮೆ ಆಯಿತು. ಎರಡನೆಯ ಸಲ ಮಾಡುತ್ತಿದ್ದಾರೆ ಎಂದಾಗಲೇ ನನಗೆ ಅರ್ಥವಾಯಿತು. ಡಾಕ್ಟರ್ ಹೊರಗೆ ಬಂದು ಕುರ್ಚಿ ಎಳೆದುಕೊಂಡು ಕೂತರು. ಹುಡುಗನ ಹೃದಯದ ಗೋಡೆ ಹುಟ್ಟಿನಿಂದ ಬಂದ ದೋಷದಿಂದ ದಪ್ಪವಾಗಿದೆ, ಜೋರಾಗಿ ಓಡಿದರೆ ಬಡಿತದ ತಾಳ ತಪ್ಪುತ್ತದೆ, ಒಂದು ದಿನ ತಪ್ಪಿದ್ದು ಮತ್ತೆ ಸರಿಯಾಗದೆ ಇರಬಹುದು ಎಂದರು. "ನಾಳೆ ಪಂದ್ಯ ಇದೆಯಂತೆ. ಆಡಿಸಿದರೆ ಏನಾದೀತೋ ನಾನು ಹೇಳಲಾರೆ. ಇನ್ನು ಮುಂದೆ ಮಾತ್ರ ಯಾವ ಪಂದ್ಯವೂ ಬೇಡ." ಐರಿನ್ ಬಾಯಿ ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಯೂಸುಫ್ ಎದ್ದು ಗೋಡೆಯ ಕಡೆ ತಿರುಗಿ ನಿಂತ.

ಫೈನಲ್ ಸೋತೆವು. ಚೆನ್ನಾಗಿಯೇ ಸೋತೆವು. ಶ್ರೀನಾಥರು ಪಕ್ಕಕ್ಕೆ ಬಂದು ಕೂತು, "ಸಾರಿ ಸಾರ್" ಎಂದರು. ರೋಶನ್ ಪ್ರೇಕ್ಷಕರ ನಡುವೆ ಕೂತಿದ್ದ. ಪಂದ್ಯ ಮುಗಿದ ಮೇಲೆ ಹತ್ತಿರ ಹೋದರೆ ಮುಖ ತಿರುಗಿಸಿದ. "ನನ್ನ ಬಾಸ್ಕೆಟ್‌ಬಾಲ್ ತೆಗ್ದುಬಿಟ್ರಿ ನೀವು" ಎಂದ. ಜೀವ ಉಳಿಸಿದವನಿಗೆ ಧನ್ಯವಾದ ಸಿಗುತ್ತದೆ ಎಂದು ಈ ಕೆಲಸಕ್ಕೆ ಬರಬೇಡಿ. ಇಪ್ಪತ್ತರ ಹುಡುಗನಿಗೆ ಜೀವ ಅಂದರೆ ಆಟವೇ. ಅವನು ತಿಂಗಳುಗಟ್ಟಲೆ ನನ್ನ ಜೊತೆ ಮಾತಾಡಲಿಲ್ಲ. ನನಗೆ ಬಹಳ ನೋವಾಯಿತು. ಆದರೂ ಪ್ರತಿದಿನ ಬೆಳಿಗ್ಗೆ ಅವನು ಕಾಲೇಜಿನ ಗೇಟು ದಾಟಿ ಒಳಗೆ ಬರುವುದನ್ನು ಕಿಟಕಿಯಿಂದ ನೋಡಿಯೇ ನಾನು ಚಹಾ ಕುಡಿಯುತ್ತಿದ್ದೆ.

ಕೊನೆಗೆ ಅವನನ್ನು ಮತ್ತೆ ಹಾಲ್‌ಗೆ ಎಳೆದು ತಂದವನು ಯೂಸುಫ್. ತಂಡದ ಮ್ಯಾನೇಜರ್ ಬೇಕು ಎಂದು ನೆಪ ತೆಗೆದ. ರೋಶನ್ ಬಂದ, ಮೂಲೆಯಲ್ಲಿ ಕೂತ, ಒಂದು ವಾರದಲ್ಲಿ ಹುಡುಗರಿಗೆ ಬೈಯಲು ಶುರು ಮಾಡಿದ. ನನಗಿಂತ ಜೋರಾಗಿ ಬೈಯುತ್ತಿದ್ದ.

ಮತ್ತೆ ರಂಜಾನ್ ಬಂತು. ನನ್ನ ಕೊನೆಯ ಸೀಸನ್. ಮೊದಲ ದಿನದ ಅಭ್ಯಾಸಕ್ಕೆ ಹುಡುಗರು ಸಾಲಾಗಿ ನಿಂತಿದ್ದರು. ನಾನು ಸೀಟಿ ಬಾಯಿಗಿಡುವಷ್ಟರಲ್ಲಿ ರೋಶನ್ ಎದ್ದು ಬಂದು ಮುಂದೆ ನಿಂತ.

"ಇವತ್ತು ಊಟ ಮಾಡಿ ಬಂದವರು ಕೈ ಎತ್ತಿ" ಎಂದ ಇಂಗ್ಲಿಷಿನಲ್ಲಿ.

ಯಾರೂ ಅಲುಗಾಡಲಿಲ್ಲ. ಕೇಳಬಾರದ ಪ್ರಶ್ನೆ ಅಲ್ಲವೇ? ರೋಶನ್ ತನ್ನ ಕೈಯನ್ನೇ ಮೊದಲು ಎತ್ತಿದ. "ನಾನು ಮೀನು ತಿಂದಿದ್ದೇನೆ. ವಾಸನೆ ಬೇಕಾದರೆ ಬನ್ನಿ." ಯೂಸುಫ್ ಫಕ್ಕನೆ ನಕ್ಕ. ಆಗ ಸಾಲಿನಲ್ಲಿದ್ದ ಒಬ್ಬ ಮಲಯಾಳಿ ಹುಡುಗನ ಕೈ ಎದ್ದಿತು. ಅವನ ಪಕ್ಕದ ಫಿಲಿಪಿನೋ ಹುಡುಗನದು, ಆಮೇಲೆ ಗುಜರಾತಿಯದು. ರಂಜಾನ್ ಉಪವಾಸ ತನ್ನ ಧರ್ಮದಲ್ಲಿ ಇಲ್ಲದ ಪ್ರತಿಯೊಬ್ಬನ ಕೈಯೂ ಮೇಲಿತ್ತು. ಒಬ್ಬರನ್ನೊಬ್ಬರು ನೋಡಿಕೊಂಡು ನಗತೊಡಗಿದರು. ಇಷ್ಟು ವರ್ಷ ಎಲ್ಲರೂ ಎಲ್ಲರಿಗಾಗಿ ನಾಟಕ ಆಡಿದ್ದರು.

ನಗು ನಿಲ್ಲುವಾಗ ಸಾಲಿನ ತುದಿಯಲ್ಲಿ ಹಸನ್ ಎಂಬ ಹೊಸ ಹುಡುಗ ಅರ್ಧ ಕೈ ಎತ್ತಿ ನಿಂತಿದ್ದ. ಬಹರೈನಿ, ಅದೇ ವರ್ಷ ತಂಡಕ್ಕೆ ಬಂದವನು, ಮೆದು ಮಾತಿನವನು. ತುಟಿ ಬಿಳಿಚಿಕೊಂಡಿತ್ತು. ನನ್ನ ಕಡೆ ನೋಡಲಿಲ್ಲ, ಕ್ಯಾಪ್ಟನ್ ಕಡೆಯೂ ನೋಡಲಿಲ್ಲ. ರೋಶನ್‌ನನ್ನೇ ನೋಡುತ್ತ ಹೇಳಿದ:

"ನಾನು ಊಟ ಮಾಡಿಲ್ಲ. ಆದರೆ ಮಾಡಬೇಕಿತ್ತು. ನನಗೆ ಶುಗರ್ ಇದೆ, ಇನ್ಸುಲಿನ್ ತಗೊಳ್ತೇನೆ. ಉಪವಾಸ ಬೇಡ ಅಂತ ಡಾಕ್ಟರ್ ಹೇಳಿದ್ದಾರೆ."

ರೋಶನ್ ಹೋಗಿ ಅವನ ತೋಳು ಹಿಡಿದು ಬೆಂಚಿನ ಮೇಲೆ ಕೂರಿಸಿದ. ಯೂಸುಫ್ ಓಡಿ ಹೋಗಿ ನನ್ನ ಪ್ರಥಮ ಚಿಕಿತ್ಸೆಯ ಚೀಲದಿಂದ ಹಣ್ಣಿನ ರಸದ ಬಾಟಲಿ ತಂದ. ಬೆಳಗಿನಿಂದ ತಾನು ಒಂದು ಹನಿ ನೀರು ಮುಟ್ಟದ ಹುಡುಗ, ಮುಚ್ಚಳ ತಿರುಗಿಸಿ ತೆಗೆದು, ಬಾಟಲಿಯನ್ನು ತಾನೇ ಹಸನ್‌ನ ಬಾಯಿಗೆ ಹಿಡಿದ. ಅವನು ಕುಡಿದು ಮುಗಿಸುವವರೆಗೆ ಯಾರೂ ಚೆಂಡು ಮುಟ್ಟಲಿಲ್ಲ.